ಹೆಡ್‌ಫೋನ್ ಹಾಕಿದರೆ ಅತ್ತೆ ಹಾಡು ನಿಲ್ಲಿಸಿಬಿಡುತ್ತಾರೆ: ಮನೆಯ ಕೋಣೆಯಲ್ಲಿ ರೆಕಾರ್ಡಿಂಗ್, ಆಡಿಯೋ ಇಂಟರ್‌ಫೇಸ್ ಬಗ್ಗೆ ಸಹಾಯ ಬೇಕು

ನಿಟುವಳ್ಳಿ ಕೋಣೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಿಟುವಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಹತ್ತು ಅಡಿಗೆ ಹನ್ನೊಂದು ಅಡಿಯ ಒಂದು ಕೋಣೆಯನ್ನು ರೆಕಾರ್ಡಿಂಗ್‌ಗಾಗಿ ತೆರವು ಮಾಡಿಕೊಂಡಿದ್ದೇನೆ. ಎರಡು ತಿಂಗಳ ಹಿಂದೆ ಎರಡು ಮೈಕ್ ಜೋಡಿಸಬಹುದಾದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಡೈನಾಮಿಕ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಂದೆ. ಲ್ಯಾಪ್‌ಟಾಪ್ ವಿಂಡೋಸ್‌ನದು. ರೆಕಾರ್ಡಿಂಗ್ ತಂತ್ರಾಂಶ ರೀಪರ್.

ಇಷ್ಟೆಲ್ಲ ತಂದದ್ದು ನಮ್ಮ ಸೋದರತ್ತೆಗಾಗಿ. ಅವರಿಗೆ ಈಗ 71 ವರ್ಷ. ಜಗಳೂರು ಕಡೆಯ ಹಳ್ಳಿಯಲ್ಲಿ ಬೆಳೆದವರು. ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಪದ ಎಂದು ಅವರ ಬಾಯಲ್ಲಿ ಎಷ್ಟಿವೆಯೋ ಎಣಿಸಿಲ್ಲ. ಅಡುಗೆಮನೆಯಲ್ಲಿ ಹಾಡಿದರೆ ಕೆಳಗಿನ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದೇ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿ ಹೆಡ್‌ಫೋನ್ ಹಾಕಿದರೆ ಎರಡು ಸಾಲಿಗೆ ನಿಲ್ಲಿಸುತ್ತಾರೆ. ಮೊನ್ನೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ‘ಯಾರೋ ನನ್ನ ಹಿಂದೆ ನಿಂತು ಅಣಕಿಸುತ್ತಿದ್ದಾರೆ ಕಣಪ್ಪ, ನನಗಾಗುವುದಿಲ್ಲ’ ಎಂದು ಎದ್ದು ಹೋದರು.

ಇದರ ಜೊತೆಗೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಸಣ್ಣದೊಂದು ಗುಂಯ್ ಸದ್ದೂ ಬರುತ್ತದೆ. ಇನ್ನೂ ದುಬಾರಿ ಇಂಟರ್‌ಫೇಸ್ ತೆಗೆದುಕೊಳ್ಳಬೇಕೇ? ತಿಳಿದವರು ಹೇಳಿ.

ಕೋಟೆ ಹಿಂದಿನ ಬೀದಿ, ಚಿತ್ರದುರ್ಗ

ಅಣ್ಣ, ಅದು ಲೇಟೆನ್ಸಿ, ಹಾಡಿದ ದನಿ ಕಂಪ್ಯೂಟರ್ ಸುತ್ತಿ ಹೆಡ್‌ಫೋನ್‌ಗೆ ತಡವಾಗಿ ಬರುವುದು. ರೀಪರ್‌ನಲ್ಲಿ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳು (ದನಿಯ ಅಳತೆಗಳು), ಎಷ್ಟಿದೆ ನೋಡಿ. 512 ಅಥವಾ 1024 ಇದ್ದರೆ 64ಕ್ಕೆ ಇಳಿಸಿ. ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದನ್ನು) 96,000ಕ್ಕೆ ಏರಿಸಿದರೆ ತಡ ಇನ್ನೂ ಕಡಿಮೆಯಾಗುತ್ತದೆ. ನಾನು ಗಿಟಾರ್ ನುಡಿಸುವುದು ಹಾಗೆಯೇ. ಅತ್ತೆಯವರಿಗೆ ತಾಳ ಹಿಡಿಯಲು ಹೆಡ್‌ಫೋನ್‌ನಲ್ಲಿ ಕ್ಲಿಕ್ (ಸಮವಾಗಿ ಟಿಕ್ ಟಿಕ್ ಎನ್ನುವ ಸದ್ದು) ಕೊಡಿ, ಆಮೇಲೆ ಜೋಡಿಸುವುದು ಸುಲಭ.

ನಿಟುವಳ್ಳಿ ಕೋಣೆ, ದಾವಣಗೆರೆ

ಬಫರ್ 512 ಇತ್ತು, 48,000ದಲ್ಲಿ. 64ಕ್ಕೆ ಇಳಿಸಿದೆ. ಈಗ ನಡುನಡುವೆ ಚಟ್ ಚಟ್ ಎಂದು ಸಿಡಿಯುತ್ತದೆ. ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು.

ಪರದೆಯ ಹಿಂದೆ, ದಾವಣಗೆರೆ

ತಮ್ಮ, 64ರ ಹಠ ಬಿಡು. ಹಳೆಯ ಲ್ಯಾಪ್‌ಟಾಪ್‌ಗೆ ಅಷ್ಟು ಸಣ್ಣ ಬುಟ್ಟಿ ಕೊಟ್ಟರೆ ತುಂಬಿ ಸುರಿಯುವಷ್ಟರಲ್ಲಿ ಚೆಲ್ಲುತ್ತದೆ. ಆ ಚಟ್ ಚಟ್ ಎಂದರೆ ಅದೇ. ಹೊಸ ಇಂಟರ್‌ಫೇಸೂ ಬೇಡ, ನಿನ್ನ ಕೈಯಲ್ಲಿರುವುದೇ ಸಾಕು. ನಾಟಕ ಕಂಪನಿಗಳಿಗೂ ಮದುವೆಯ ಆರ್ಕೆಸ್ಟ್ರಾಗಳಿಗೂ ಮೂವತ್ತು ವರ್ಷ ಧ್ವನಿ ನೋಡಿಕೊಂಡವನು ನಾನು. ಈಗ ಹಳೇ ದಾವಣಗೆರೆಯಲ್ಲಿ ಮನೆಯ ಒಂದು ಕೋಣೆಯಲ್ಲೇ ರೆಕಾರ್ಡಿಂಗ್ ಮಾಡುತ್ತೇನೆ. ಹಾಡುವವರು ಏನನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದನ್ನು ಮೊದಲು ನೋಡು, ಮೈಕ್ ಆಮೇಲೆ. ಇಂಟರ್‌ಫೇಸ್ ಕೊಳ್ಳುವಾಗ ಎಲ್ಲರೂ ಮೈಕ್ ಹಾಕುವ ತೂತನ್ನು ನೋಡುತ್ತಾರೆ, ಹೆಡ್‌ಫೋನ್ ತೂತಿನಿಂದ ಏನು ಹೊರಬರುತ್ತಿದೆ ಎಂದು ಕೇಳುವವರು ಕಡಿಮೆ.

ನಿನ್ನ ಅತ್ತೆ ಹೇಳಿದ ಮಾತು ಅಕ್ಷರಶಃ ನಿಜ. ಲೆಕ್ಕ ಹಾಕು. 512 ಸ್ಯಾಂಪಲ್‌ಗಳನ್ನು 48,000ದಿಂದ ಭಾಗಿಸಿದರೆ 10.7 ಮಿಲಿಸೆಕೆಂಡ್. ಒಳಗೆ ಹೋಗಲು ಅಷ್ಟು, ಹೊರಗೆ ಬರಲು ಅಷ್ಟು, ಒಟ್ಟು 21ರ ಮೇಲೆ. ಇಂಟರ್‌ಫೇಸ್ ದನಿಯನ್ನು ಅಂಕಿಯಾಗಿಸಿ ಮತ್ತೆ ದನಿಯಾಗಿಸಲು ತೆಗೆದುಕೊಳ್ಳುವ ಸಮಯ ಬೇರೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಏಳು ಮೀಟರ್ ದೂರದಲ್ಲಿ, ಅಂಗಳದ ಆಚೆ ತುದಿಯಲ್ಲಿ ನಿಂತು ಯಾರೋ ಅವರದೇ ದನಿಯಲ್ಲಿ ಹಾಡಿದಂತೆ. ಅಣಕಿಸಿದಂತೆಯೇ ಕೇಳಿಸುತ್ತದೆ. ಗಿಟಾರ್ ನುಡಿಸುವವನಿಗೆ ಹತ್ತು ಮಿಲಿಸೆಕೆಂಡ್ ನಡೆದೀತು. ಹಾಡುವವರ ದನಿ ಅವರ ತಲೆಬುರುಡೆಯ ಮೂಲಕ ಕಿವಿಗೆ ತಡವಿಲ್ಲದೆ ತಲುಪಿರುತ್ತದೆ. ಹೆಡ್‌ಫೋನ್‌ನಲ್ಲಿ ತಡವಾಗಿ ಬಂದ ದನಿ ಅದರ ಜೊತೆ ಕಲೆತಾಗ ಎರಡೂ ಕೆಡುತ್ತವೆ.

ನಿನ್ನ ಇಂಟರ್‌ಫೇಸ್‌ನ ಮುಂದೆ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವವರೆಗೆ ಕಾಯದೆ ನೇರವಾಗಿ ಹೆಡ್‌ಫೋನ್‌ಗೆ ಬರುತ್ತದೆ. ಆಗ ಬಫರ್ 512 ಇದ್ದರೂ ತೊಂದರೆಯಿಲ್ಲ. ಒಂದು ವಿಷಯ ಮಾತ್ರ ಮರೆಯಬೇಡ: ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿರಬೇಕು. ಇಲ್ಲದಿದ್ದರೆ ನೇರ ದನಿಯೂ ಬರುತ್ತದೆ, ಸುತ್ತಿ ಬಂದ ದನಿಯೂ ಬರುತ್ತದೆ. ಹೊಸಬರಲ್ಲಿ ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ.

ಇಂಟರ್‌ಫೇಸ್ ತಯಾರಿಸಿದವರದೇ ಎಎಸ್‌ಐಒ ಡ್ರೈವರ್ ಹಾಕಿದ್ದೀಯಾ, ಅಥವಾ ವಿಂಡೋಸ್ ತಾನಾಗಿ ಕೊಟ್ಟದ್ದರಲ್ಲಿ ನಡೆಸುತ್ತಿದ್ದೀಯಾ? ಎಎಸ್‌ಐಒ ಎನ್ನುವುದು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದು, ನಮ್ಮ ದಾವಣಗೆರೆ ಜಿಲ್ಲೆಯಾದ ವರ್ಷವೇ. ತಂತ್ರಾಂಶಕ್ಕೂ ಇಂಟರ್‌ಫೇಸಿಗೂ ನಡುವೆ ವಿಂಡೋಸ್‌ನ ಧ್ವನಿ ಮಿಶ್ರಣದ ಪದರ ಅಡ್ಡ ಬರದಂತೆ ಮಾಡುತ್ತದೆ. ರೀಪರ್‌ನ ಆಡಿಯೋ ಡಿವೈಸ್ ಪಟ್ಟಿಯಲ್ಲಿ ಅದನ್ನೇ ಆಯ್ದುಕೋ.

ತಾಮ್ರದ ತಂತಿ, ಚಿತ್ರದುರ್ಗ

ಗುಂಯ್ ಸದ್ದಿನ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಕಸುಬು.

ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಒಂದು ನಿಮಿಷ ಕೇಳಿ. ಸದ್ದು ಪೂರ್ತಿ ಹೋದರೆ ಇಂಟರ್‌ಫೇಸ್ ಶುದ್ಧವಾಗಿದೆ, ತೊಂದರೆ ಚಾರ್ಜರ್ ಹಾಗೂ ಅರ್ತಿಂಗ್‌ನದು. ಎರಡು ಪಿನ್ನಿನ ಚಾರ್ಜರ್ ಆಗಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈಯನ್ನು ಬೆರಳ ತುದಿಯಿಂದ ಸವರಿದಾಗ ಜುಮ್ಮೆನ್ನುತ್ತದೆ. ಅದೇ ಸೋರಿಕೆ ಯುಎಸ್‌ಬಿ ತಂತಿಯ ಮೂಲಕ ಇಂಟರ್‌ಫೇಸಿಗೂ ಬರುತ್ತದೆ. ಮೂರು ಪಿನ್ನಿನ ಚಾರ್ಜರ್, ಅರ್ತಿಂಗ್ ಇರುವ ಸಾಕೆಟ್, ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಎರಡೂ ಒಂದೇ ಬೋರ್ಡಿನಿಂದ: ಇಷ್ಟು ಮಾಡಿದರೆ ಬಹುಪಾಲು ಸದ್ದು ಹೋಗುತ್ತದೆ. ಸ್ಪೀಕರ್‌ಗಳಿಗೆ ಬ್ಯಾಲೆನ್ಸ್ಡ್ ತಂತಿ (ಹೊರಗಿನಿಂದ ಸೇರುವ ಸದ್ದನ್ನು ರದ್ದು ಮಾಡುವಂಥದ್ದು) ಹಾಕಿ.

ಕೈಮುಗಿದು ಕೇಳಿಕೊಳ್ಳುವ ಮಾತೊಂದಿದೆ. ಸದ್ದು ಹೋಗಲೆಂದು ಅರ್ತಿಂಗ್ ಪಿನ್ನನ್ನು ಮುರಿಯುವವರು, ಅದಕ್ಕೆ ಟೇಪ್ ಸುತ್ತುವವರು ಇದ್ದಾರೆ. ಸದ್ದು ಹೋಗಬಹುದು. ಆದರೆ ಯಾವುದಾದರೂ ಉಪಕರಣದಲ್ಲಿ ವಿದ್ಯುತ್ ಲೋಹದ ಮೈಗೆ ಬಂದ ದಿನ ಅದು ಹರಿದು ಹೋಗಲು ಉಳಿಯುವ ದಾರಿ ಮೈಕ್ ಹಿಡಿದವರ ದೇಹ ಒಂದೇ. ಎಪ್ಪತ್ತೊಂದು ವರ್ಷದ ತಾಯಿಯನ್ನು ಆ ಮೈಕಿನ ಮುಂದೆ ಕೂರಿಸುತ್ತೀರಿ. ಖಂಡಿತ ಬೇಡ.

ಮನೆಯ ಅರ್ತಿಂಗ್ ಗುಂಡಿಯನ್ನೂ ನೋಡಿ. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಗುಂಡಿಯಾದರೆ ಬೇಸಿಗೆಯಲ್ಲಿ ಒಣಗುತ್ತದೆ. ನಮ್ಮ ದುರ್ಗದ ಕಲ್ಲುನೆಲದಲ್ಲಂತೂ ನೀರು ಹಾಕದೆ ಇದ್ದರೆ ಅದು ಹೆಸರಿಗಷ್ಟೇ ಗುಂಡಿ. ನಿಮ್ಮಲ್ಲಿ ಇನ್ವರ್ಟರ್ ಇದೆಯೇ? ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕರೆಂಟ್ ಹೋದಾಗ ರೆಕಾರ್ಡ್ ಮಾಡಬೇಡಿ, ಆ ಕರ್ಕಶ ಸದ್ದು ಯಾವ ಫಿಲ್ಟರಿನಿಂದಲೂ ಪೂರ್ತಿ ಹೋಗುವುದಿಲ್ಲ. ಬ್ಯಾಟರಿಯ ಮೇಲೆ ಮಾಡಿ.

ನಿಟುವಳ್ಳಿ ಕೋಣೆ, ದಾವಣಗೆರೆ

ಇಬ್ಬರಿಗೂ ತುಂಬ ಋಣಿ. ಡ್ರೈವರ್ ಬದಲಿಸಿದೆ. ಡೈರೆಕ್ಟ್ ಮಾನಿಟರ್ ಒತ್ತಿದೆ, ರೀಪರ್‌ನ ಮಾನಿಟರಿಂಗ್ ಆಫ್ ಮಾಡಿದೆ. ಚಾರ್ಜರ್ ಕಿತ್ತರೆ ಗುಂಯ್ ಇಲ್ಲ, ಸರ್ ಹೇಳಿದಂತೆಯೇ. ಎರಡು ಪಿನ್ನಿನದೇ ಆಗಿತ್ತು. ಸದ್ಯ ಬ್ಯಾಟರಿಯ ಮೇಲೆ ನಡೆಸುತ್ತೇನೆ.

ಅತ್ತೆಯನ್ನು ಮತ್ತೆ ಒಪ್ಪಿಸಿ ಕೂರಿಸಿದೆ. ಮೊದಲು ದನಿ ಎಡಗಿವಿಯಲ್ಲಿ ಮಾತ್ರ ಬರುತ್ತಿತ್ತು. ಡೈರೆಕ್ಟ್ ಮಾನಿಟರ್ ಸ್ಟೀರಿಯೋದಲ್ಲಿತ್ತು, ಮೋನೋ ಮಾಡಿದ ಮೇಲೆ ಸರಿಹೋಯಿತು. ಅಣಕಿಸುವವರು ಹೋದರು ಎಂದು ಅತ್ತೆ ನಕ್ಕರು. ಒಂದು ಸೋಬಾನೆ ಪೂರ್ತಿ ಹಾಡಿದರು. ಆದರೆ ಕೇಳಿದರೆ ಅಡುಗೆಮನೆಯ ದನಿ ಅದಲ್ಲ. ಶ್ರುತಿ ನಿಧಾನವಾಗಿ ಇಳಿಯುತ್ತ ಹೋಗಿದೆ, ಎದೆ ತುಂಬಿ ಬರುವ ಆ ಕೂಗು ಇಲ್ಲ. ಕೇಳಿದ್ದಕ್ಕೆ, ‘ಕೊಡದೊಳಗೆ ಮುಖ ಇಟ್ಟು ಹಾಡಿದ ಹಾಗಿದೆ’ ಎಂದರು.

ಪರದೆಯ ಹಿಂದೆ, ದಾವಣಗೆರೆ

ಕಿವಿ ಮುಚ್ಚಿದರೆ ಯಾರಿಗಾದರೂ ಹಾಗೇ. ಎರಡೂ ಕಿವಿಗೆ ಬೆರಳಿಟ್ಟು ‘ಉಂ’ ಎನ್ನು, ನಿನಗೇ ಗೊತ್ತಾಗುತ್ತದೆ. ಬುರುಡೆಯೊಳಗಿನ ತಗ್ಗು ದನಿ ಉಬ್ಬುತ್ತದೆ, ಕೋಣೆಯಿಂದ ಮರಳಿ ಬರುವ ದನಿ ಸಾಯುತ್ತದೆ. ಕೋಣೆಯ ಮಾರುದನಿ ನೋಡಿಕೊಂಡು ಹಾಡಿ ರೂಢಿಯಾದವರಿಗೆ ಇದು ಕತ್ತು ಹಿಚುಕಿದಂತೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಹಳೆಯ ರಂಗನಟರು ಕೊನೆಯ ಸಾಲಿಗೆ ಎಸೆದ ದನಿ ತಿರುಗಿ ಬಂದದ್ದನ್ನು ಕೇಳಿಯೇ ಮುಂದಿನ ಸಾಲಿನ ಎತ್ತರ ಕಟ್ಟುತ್ತಿದ್ದರು. ಅಂಥವರಿಗೆ ಹೆಡ್‌ಫೋನ್ ತೊಡಿಸಿ ಸೋತವನು ನಾನು.

ಒಂದು ಕಿವಿಯನ್ನು ಬಿಡಿಸಿ ನೋಡು. ಬಿಡಿಸಿದ ಕಡೆಯ ಹೆಡ್‌ಫೋನ್ ಬಟ್ಟಲನ್ನು ತಲೆಗೆ ಒತ್ತಿ ಕೂರಿಸು, ಇಲ್ಲದಿದ್ದರೆ ಹೆಡ್‌ಫೋನ್‌ನ ಸದ್ದು ಅಲ್ಲಿಂದ ಸೋರಿ ಮೈಕಿಗೆ ಬೀಳುತ್ತದೆ.

ಹಾಡುಗೂಡು, ಚಿತ್ರದುರ್ಗ

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಹದಿನೈದು ವರ್ಷಗಳಿಂದ ಚಳ್ಳಕೆರೆ, ಹಿರಿಯೂರು ಕಡೆಯ ಹಟ್ಟಿಗಳಲ್ಲಿ ಹಾಡು ಸಂಗ್ರಹಿಸುತ್ತಿದ್ದೇನೆ. ಇಷ್ಟು ಹೊತ್ತು ಓದಿ ಒಂದು ಪ್ರಶ್ನೆ ಕೇಳಬೇಕೆನಿಸಿತು. ಅತ್ತೆಯವರಿಗೆ ಹೆಡ್‌ಫೋನ್ ಯಾಕೆ ಬೇಕು?

ಹೆಡ್‌ಫೋನ್ ಬೇಕಾಗುವುದು ಮೊದಲೇ ಮುದ್ರಿಸಿದ ವಾದ್ಯದ ಜೊತೆ ಹಾಡುವಾಗ. ಸೋಬಾನೆಗೆ ಯಾವ ವಾದ್ಯ? ಅದು ಒಬ್ಬರ ಹಾಡೇ ಅಲ್ಲ. ಮುಮ್ಮೇಳದವರು ಒಂದು ಸಾಲು ಎತ್ತುತ್ತಾರೆ, ಹಿಮ್ಮೇಳದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ಆ ತಿರುಗಿ ಹೇಳುವ ಸಾಲಿನಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುತ್ತಾರೆ, ಶ್ರುತಿ ಸರಿಪಡಿಸಿಕೊಳ್ಳುತ್ತಾರೆ, ಮುಂದಿನ ನುಡಿ ನೆನೆಯುತ್ತಾರೆ. ಒಬ್ಬರೇ ಹಾಡಿದರೆ ಉಸಿರಿಗೆ ಜಾಗವಿಲ್ಲ, ಶ್ರುತಿ ಇಳಿಯದೆ ಏನಾದೀತು? ಓಣಿಯ ಇಬ್ಬರು ಹೆಂಗಸರನ್ನು ಕರೆದು ಎದುರಿಗೆ ಕೂರಿಸಿ.

ಬೀಸುವ ಪದಕ್ಕೆ ಕ್ಲಿಕ್ ಕೊಡಿ ಎಂದ ತಮ್ಮನಿಗೆ ಬೇಸರ ಬೇಡ, ಆದರೆ ಅದು ಆಗದ ಮಾತು. ಬೀಸುವ ಪದದ ತಾಳ ಕಲ್ಲು. ಕಾಳು ಹಾಕಲು ಒಂದು ಕೈ ಗೂಟ ಬಿಟ್ಟಾಗ ಕಲ್ಲು ನಿಧಾನವಾಗುತ್ತದೆ, ಹಾಡೂ ನಿಧಾನವಾಗುತ್ತದೆ. ಮತ್ತೆ ಎರಡೂ ಕೈ ಸೇರಿದಾಗ ಓಟ ಹತ್ತುತ್ತದೆ. ಈ ಏರಿಳಿತ ತಪ್ಪಲ್ಲ, ಹಾಡಿನ ಮೈಕಟ್ಟೇ ಅದು. ನಿಮಿಷಕ್ಕೆ ಇಂತಿಷ್ಟು ಎಂದು ಕುಟ್ಟುವ ಯಂತ್ರಕ್ಕೆ ಅದನ್ನು ಕಟ್ಟಿಹಾಕಿದರೆ ನಿಮಗೆ ಉಳಿಯುವುದು ಪದಗಳು ಮಾತ್ರ. ಮನೆಯಲ್ಲಿ ಬೀಸುವ ಕಲ್ಲು ಇದೆಯೇ?

ಕೋಟೆ ಹಿಂದಿನ ಬೀದಿ, ಚಿತ್ರದುರ್ಗ

ಮೇಡಂ, ಬೇಸರವಿಲ್ಲ. ನಾನು ಬೀಸುವ ಪದವನ್ನು ಪುಸ್ತಕದಲ್ಲಿ ಓದಿದ್ದೇನೆಯೇ ಹೊರತು ಕಲ್ಲಿನ ಜೊತೆ ಕೇಳಿಲ್ಲ. ಒಂದು ಸಂದೇಹ: ಕಲ್ಲಿನ ಸದ್ದು ದನಿಯನ್ನು ಮುಚ್ಚಿಹಾಕುವುದಿಲ್ಲವೇ?

ನಿಟುವಳ್ಳಿ ಕೋಣೆ, ದಾವಣಗೆರೆ

ಕಲ್ಲು ಹಿತ್ತಲಲ್ಲಿದೆ ಮೇಡಂ! ಅಜ್ಜಿಯ ಕಾಲದ್ದು, ಮೇಲೆ ತುಳಸಿ ಕುಂಡ ಇಟ್ಟಿದ್ದೇವೆ. ಇದು ನನಗೆ ಹೊಳೆದೇ ಇರಲಿಲ್ಲ.

ಪರದೆಯ ಹಿಂದೆ, ದಾವಣಗೆರೆ

ಮೇಡಂ ಹೇಳಿದ್ದು ಸರಿ, ನಾನು ಒಂದು ಕಿವಿಯ ಲೆಕ್ಕದಲ್ಲೇ ನಿಂತುಬಿಟ್ಟೆ. ನಿನ್ನ ಇಂಟರ್‌ಫೇಸಿಗೆ ಎರಡು ಮೈಕ್ ಹಾಕಬಹುದು ಎನ್ನುವುದು ಈಗ ಉಪಯೋಗಕ್ಕೆ ಬಂತು. ಒಂದು ಅತ್ತೆಗೆ, ಒಂದು ಕಲ್ಲಿಗೆ.

ಅತ್ತೆಗೆ ಡೈನಾಮಿಕ್ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡು. ಬೀಸುವಾಗ ಮೈ ಹಿಂದೆ ಮುಂದೆ ತೂಗುತ್ತದೆ, ಮೈಕ್ ಹಣೆಗೆ ತಾಗದಂತೆ ನೋಡಿಕೋ. ಕಂಡೆನ್ಸರನ್ನು ಕಲ್ಲಿನ ಕಡೆಗೆ ತಿರುಗಿಸು. ಎರಡು ಮೈಕ್‌ಗಳ ನಡುವಿನ ದೂರ, ಬಾಯಿಂದ ಮೈಕಿಗಿರುವ ದೂರದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ಹತ್ತಿರ ಬಂದರೆ ಒಂದೇ ದನಿ ಎರಡರಲ್ಲೂ ಸ್ವಲ್ಪ ಹಿಂದುಮುಂದಾಗಿ ದಾಖಲಾಗಿ, ಕೂಡಿಸಿದಾಗ ಟೊಳ್ಳಾಗುತ್ತದೆ.

ಕಲ್ಲಿನ ಕೆಳಗೆ ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಹಾಸು. ಕಲ್ಲಿನ ಅದುರು ನೆಲಕ್ಕಿಳಿದು ಮೈಕ್ ಸ್ಟ್ಯಾಂಡಿನ ಕಾಲಿನಿಂದ ಮೇಲೆ ಹತ್ತುತ್ತದೆ, ಅದು ದನಿಯನ್ನು ನುಂಗುವ ಸದ್ದು. ಸ್ಟ್ಯಾಂಡಿನ ಕಾಲಿಗೂ ಬಟ್ಟೆ ಹಾಕು. ಉಳಿದ ಗುಡುಗನ್ನು ಅತ್ತೆಯ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ನ ಕೆಳಗೆ ಕತ್ತರಿಸಿದರೆ ಸಾಕು.

ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು, ಅದಕ್ಕೇ ಇಂಟರ್‌ಫೇಸಿನ 48 ವೋಲ್ಟಿನ ಗುಂಡಿ. ಅದನ್ನು ಒತ್ತುವಾಗ, ಆರಿಸುವಾಗ ಸ್ಪೀಕರ್, ಹೆಡ್‌ಫೋನ್ ಎರಡನ್ನೂ ಪೂರ್ತಿ ಇಳಿಸಿರು. ಎರಡೂ ಮೈಕಿಗೆ ಒಟ್ಟಿಗೆ ಹೋಗುತ್ತದಲ್ಲ ಎಂಬ ಹೆದರಿಕೆ ಬೇಡ, ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿ ಸರಿಯಿದ್ದರೆ ಡೈನಾಮಿಕ್ ಮೈಕಿಗೆ ಏನೂ ಆಗುವುದಿಲ್ಲ.

ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸುತ್ತೀಯ ಎಂಬ ವಿಷಯದಲ್ಲಿ ಜಿಪುಣನಾಗಿರು. ಅತ್ತೆ ಅತಿ ಎತ್ತರಕ್ಕೆ ಹೋದಾಗಲೂ ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಬಿಟ್ ಎಂದರೆ ಒಂದೊಂದು ಸ್ಯಾಂಪಲನ್ನು ಬರೆಯುವ ಅಂಕಿಗಳ ಸಂಖ್ಯೆ. 16 ಬಿಟ್‌ನ ಸೈದ್ಧಾಂತಿಕ ಹರವು (ಅತಿ ಸಣ್ಣ ದನಿಯಿಂದ ಅತಿ ದೊಡ್ಡದರವರೆಗೆ) 96 ಡೆಸಿಬೆಲ್, 24 ಬಿಟ್‌ನದು 144. ಆದ್ದರಿಂದ 24 ಬಿಟ್‌ನಲ್ಲಿ ತಗ್ಗಿಸಿ ರೆಕಾರ್ಡ್ ಮಾಡಿ ಆಮೇಲೆ ಏರಿಸಿಕೊಂಡರೆ ಏನೂ ಕಳೆದುಹೋಗುವುದಿಲ್ಲ. ದನಿ ಮಿತಿ ಮೀರಿ ಕೆಂಪು ದೀಪ ಹತ್ತಿದ ಕ್ಷಣ ಮಾತ್ರ ಕಳೆದಂತೆಯೇ, ಅದನ್ನು ಯಾರಿಂದಲೂ ಮರಳಿ ತರಲಾಗದು. 96,000 ಬೇಡ. ವಿಡಿಯೋ ಜೊತೆ ಹಾಕುವುದಿದ್ದರೆ 48,000 ಇರಲಿ. 44,100ರಲ್ಲಿ ಮುದ್ರಿಸಿದ್ದನ್ನು ತಪ್ಪಾಗಿ 48,000 ಎಂದು ಓದಿಸಿದರೆ ಹಾರ್ಮೋನಿಯಂನಲ್ಲಿ ಒಂದೂವರೆ ಕೀಲಿಯಷ್ಟು ಶ್ರುತಿ ಮೇಲೇರಿ ಅತ್ತೆ ಚಿಕ್ಕ ಹುಡುಗಿಯ ಹಾಗೆ ಕೇಳಿಸುತ್ತಾರೆ. ಯೋಜನೆ ಆರಂಭಿಸುವಾಗಲೇ ಒಂದನ್ನು ಗಟ್ಟಿ ಮಾಡಿಕೋ.

ಹಾಡುಗೂಡು, ಚಿತ್ರದುರ್ಗ

ಕೋಣೆಯ ಬಗ್ಗೆ ನನ್ನದೊಂದು ಮಾತು. ಗೋಡೆಗೆ ಅಂಟಿಸುವ ತೆಳು ಫೋಮ್‌ಗೆ ಹಣ ಹಾಕಬೇಡಿ. ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ನಾಲ್ಕು ತನ್ನಿ. ಗೋಡೆಗೆ ತಾಗಿಸಿ ಹೊಡೆಯಬೇಡಿ, ನಾಲ್ಕು ಇಂಚು ಮುಂದಕ್ಕೆ ದಾರ ಕಟ್ಟಿ ಎರಡು ಪದರವಾಗಿ ಇಳಿಬಿಡಿ. ಹಿಂದೆ ಗಾಳಿಯ ಜಾಗವಿದ್ದರೆ ಇನ್ನೂ ತಗ್ಗಿನ ದನಿಯನ್ನೂ ಕಂಬಳಿ ಹೀರುತ್ತದೆ. ಅತ್ತೆಯವರ ಹಿಂದೆ ಮತ್ತು ಎರಡು ಪಕ್ಕಕ್ಕೆ ಸಾಕು, ಎದುರಿನ ಗೋಡೆ ಬರಿದಾಗಿರಲಿ. ದನಿ ಒಂದಿಷ್ಟು ಮರಳಿ ಬರಬೇಕು.

ಕಾಡುಗೊಲ್ಲರ ಹಟ್ಟಿಯಲ್ಲಿ ಒಬ್ಬ ಹಿರಿಯರು ತಮ್ಮ ದೈವ ಜುಂಜಪ್ಪನ ಕತೆಗೆ ಗಣೆ ಊದುವುದನ್ನು ಮುದ್ರಿಸಿದ್ದೆ. ಉದ್ದನೆಯ ಬಿದಿರ ಕೊಳಲು ಅದು, ಸ್ವರದಷ್ಟೇ ಉಸಿರೂ ಕೇಳಬೇಕು. ನಾನು ಸೊಗಸಾಗಲೆಂದು ನಾಲ್ಕೂ ಕಡೆ ಕಂಬಳಿ ಕಟ್ಟಿಬಿಟ್ಟೆ. ಅವರು ಎರಡು ಸಲ ಊದಿ, ‘ಗಣೆ ಮಾತಾಡುತ್ತಿಲ್ಲ’ ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತರು. ಜಗಲಿಯ ಮೇಲೆ ಮಾಡಿದ್ದೇ ನನ್ನ ಬಳಿ ಇರುವ ಒಳ್ಳೆಯ ಮುದ್ರಣ. ನಡುವೆ ಮೇಕೆ ಕೂಗಿದೆ, ಇರಲಿ.

ನಿಟುವಳ್ಳಿ ಕೋಣೆ, ದಾವಣಗೆರೆ

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಕಲ್ಲನ್ನು ಮಹಡಿಗೆ ಹೊರಲಾಗಲಿಲ್ಲ. ಆದ್ದರಿಂದ ಇಂಟರ್‌ಫೇಸನ್ನೇ ಕೆಳಗೆ ತಂದೆವು, ಹಿತ್ತಲಿಗೆ ತೆರೆದುಕೊಳ್ಳುವ ನಡುಕೋಣೆಗೆ. ಕಂಬಳಿ ಮೂರು ಸಿಕ್ಕವು. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ, ಬೆಳಗಿನ ಐದಕ್ಕೆ ಶುರು ಮಾಡಿದೆವು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ, ಬಫರ್ 512, 24 ಬಿಟ್, 48,000. ಹೆಡ್‌ಫೋನ್ ನನ್ನ ಕಿವಿಯಲ್ಲಿ ಮಾತ್ರ.

ಕಲ್ಲು ತೊಳೆದು ಒಣಗಿಸಿ ಗೋಣಿತಾಟಿನ ಮೇಲೆ ಕೂರಿಸಿದ್ದೆ. ಅತ್ತೆ ಮೊದಲು ಬರಿಗಲ್ಲು ತಿರುಗಿಸಿದರು. ಕರಕರ ಎಂದಿತು. ‘ಕಾಳಿಲ್ಲದೆ ಕಲ್ಲು ತಿರುಗಿಸಬಾರದು’ ಎಂದು ನಮ್ಮಮ್ಮನನ್ನು ಕರೆದು ಜೋಳ ತರಿಸಿದರು. ಒಂದು ಹಿಡಿ ಕಲ್ಲಿನ ಕಣ್ಣಿಗೆ ಬಿದ್ದದ್ದೇ ಸದ್ದು ಬದಲಾಗಿ ಗರಗರ ಎಂದು ಮೆತ್ತಗಾಯಿತು. ನಾಲ್ಕು ಸುತ್ತು ಸುಮ್ಮನೆ ಬೀಸಿದರು. ಐದನೆಯ ಸುತ್ತಿಗೆ, ನಾನು ಕೈಸನ್ನೆ ಮಾಡುವ ಮೊದಲೇ, ಹಾಡು ಬಂತು. ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದ ನನಗೆ ಅಡುಗೆಮನೆಯ ದನಿ ಅಲ್ಲ, ಅದಕ್ಕಿಂತ ಹಳೆಯ ದನಿ ಕೇಳಿಸಿತು. ಮೇಡಂ, ಕಾಳು ಹಾಕುವಾಗ ನಿಧಾನವಾಗುವುದನ್ನು ನೀವು ಬರೆದಿದ್ದಿರಿ, ಅದು ಪರದೆಯ ಮೇಲಿನ ಅಲೆಯಲ್ಲೇ ಕಾಣುತ್ತದೆ. ಒಂದೊಂದು ನುಡಿಯ ಕೊನೆಗೆ ಕಲ್ಲಿನ ಅಲೆ ಸಣ್ಣಗಾಗುತ್ತದೆ, ಆ ಸಂದಿಯಲ್ಲಿ ಅತ್ತೆಯ ಉಸಿರು ಇದೆ.

ಮೂವತ್ತೆಂಟು ನಿಮಿಷ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಇಬ್ಬರು ಬಂದು ಕೂತರು, ಯಾರೂ ಕರೆದಿರಲಿಲ್ಲ. ಹಿಮ್ಮೇಳ ಹಿಡಿದರು. ಅವರಿಗೆ ಮೈಕ್ ಇರಲಿಲ್ಲ, ಕಲ್ಲಿನ ಮೈಕಿನಲ್ಲೇ ದೂರದಿಂದ ಬಿದ್ದಿದ್ದಾರೆ. ನನಗೆ ಅದೇ ಚೆನ್ನಾಗಿದೆ ಎನಿಸುತ್ತದೆ. ಆರನೇ ನಿಮಿಷದಲ್ಲಿ ಒಂದು ಕಡೆ ಕೆಂಪು ದೀಪ ಹತ್ತಿದೆ, ಗೇನ್ ಇನ್ನೂ ಇಳಿಸಬೇಕಿತ್ತು.

ಪರದೆಯ ಹಿಂದೆ, ದಾವಣಗೆರೆ

ಆ ಒಂದು ಕಡೆ ಬಿಡು. ಮೊದಲು ಎರಡು ಪ್ರತಿ ಮಾಡಿ ಬೇರೆ ಬೇರೆ ಡಿಸ್ಕಿನಲ್ಲಿ ಇಡು, ಒಂದು ನಿನ್ನ ಮನೆಯ ಹೊರಗೆ ಇರಲಿ. 24 ಬಿಟ್, 48,000ದ ಒಂದು ಟ್ರ್ಯಾಕ್ ಗಂಟೆಗೆ ಅರ್ಧ ಜಿಬಿ ಅಷ್ಟೇ, ಜಾಗದ ನೆಪ ಇಲ್ಲ. ಎಂಪಿ3 ಮಾಡಿ ಮೂಲವನ್ನು ಅಳಿಸಬೇಡ.

ಹಾಡುಗೂಡು, ಚಿತ್ರದುರ್ಗ

ಓದಿ ಕಣ್ಣು ತುಂಬಿತು. ಪ್ರತಿ ಹಾಡಿನ ಮುಂದೆ ಅತ್ತೆಯವರ ಊರು, ಯಾರಿಂದ ಕಲಿತರು, ಯಾವ ಸಂದರ್ಭದ ಹಾಡು ಎಂದು ಅವರ ಬಾಯಿಂದಲೇ ಹೇಳಿಸಿ ಅದೇ ಫೈಲಿನಲ್ಲಿ ಮುದ್ರಿಸಿ. ಬೇರೆ ಕಾಗದದಲ್ಲಿ ಬರೆದಿಟ್ಟರೆ ಹತ್ತು ವರ್ಷಕ್ಕೆ ಕಾಗದ ಒಂದು ಕಡೆ, ಹಾಡು ಒಂದು ಕಡೆ. ಮತ್ತು ಯಾರಿಗೆ ಕೇಳಿಸಬಹುದು, ಎಲ್ಲಿ ಹಾಕಬಹುದು ಎಂದು ಅವರನ್ನೇ ಕೇಳಿ.

ನಿಟುವಳ್ಳಿ ಕೋಣೆ, ದಾವಣಗೆರೆ

ಪ್ರತಿ ಮಾಡಿದೆ, ಒಂದು ತಂಗಿಯ ಮನೆಯಲ್ಲಿದೆ. ನಿನ್ನೆ ರಾತ್ರಿ ಅತ್ತೆಗೆ ಕೇಳಿಸಿದೆ. ಈ ಸಲ ಹೆಡ್‌ಫೋನನ್ನು ತಾವೇ ಕೇಳಿ ಹಾಕಿಕೊಂಡರು, ಎರಡೂ ಕಿವಿಗೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈ ತಿರುಗಿಸುತ್ತ ಪೂರ್ತಿ ಕೇಳಿದರು. ತೆಗೆದ ಮೇಲೆ ಹೇಳಿದ್ದು ಇಷ್ಟು: ‘ಮೂರನೆಯ ಪದದಲ್ಲಿ ತವರಿನ ಒಂದು ನುಡಿ ಬಿಟ್ಟಿದ್ದೇನೆ. ಜೋಳ ಇನ್ನೂ ಇದೆಯಲ್ಲ, ನಾಳೆ ಮತ್ತೆ ಹಚ್ಚು.’

ಅಲಾರಂ ನಾಲ್ಕೂವರೆಗೆ ಇಟ್ಟಿದ್ದೇನೆ. ಅವರ ಡೈನಾಮಿಕ್ ಮೈಕಿನ ಗೇನ್ ಆರು ಡೆಸಿಬೆಲ್ ಇಳಿಸಿದ್ದೇನೆ.